ಪಕ್ಷಕ್ಕೊಬ್ಬ ನಾಯಕ: ಆರಿಸುವವರು ಯಾರು?

ಜಯನಗರದ ನಿವಾಸಿಗಳು 2023ನೆಯ ಇಸವಿಯ ಮೇ 13ರ ರಾತ್ರಿಯನ್ನು ಅಷ್ಟು ಸುಲಭವಾಗಿ ಮರೆಯಲಾರರು. ರಾಜ್ಯ ವಿಧಾನಸಭೆಯ ಚುನಾವಣೆಯಲ್ಲಿ ಯಾವ ಪಕ್ಷ ಗೆದ್ದಿತೆಂಬುದು ಮಧ್ಯಾಹ್ನದ ಹೊತ್ತಿಗೇ ತಿಳಿದುಹೋಗಿತ್ತು. ಸಂಜೆಯ ವೇಳೆಗೆ ಬೇರೆಡೆಯ ವಿಜಯಿಗಳು ಹಾರ ಹಾಕಿಸಿಕೊಂಡು ಮನೆ ಸೇರುತ್ತಿದ್ದರು. ಜಯನಗರದ ಎಣಿಕೆ ಮಾತ್ರ ಮುಗಿಯಲೊಲ್ಲದು. ನಾಲ್ಕನೆಯ ಟಿ ಬ್ಲಾಕಿನ ಎಸ್.ಎಸ್.ಎಂ.ಆರ್.ವಿ. ಕಾಲೇಜಿನ ಎಣಿಕೆ ಕೇಂದ್ರದೊಳಗೆ ಮತಗಳನ್ನು ಮರಳಿ ಎಣಿಸುತ್ತಿದ್ದರು. ಹೊರಗೆ ಎರಡೂ ಪಕ್ಷಗಳ ಕಾರ್ಯಕರ್ತರು ಗುಂಪುಗೂಡಿ ಕಾದಿದ್ದರು. ಮೊದಲು ತಿರಸ್ಕೃತವಾಗಿ ಪಕ್ಕಕ್ಕಿಡಲ್ಪಟ್ಟಿದ್ದ ಅಂಚೆ ಮತಪತ್ರಗಳನ್ನು ಇನ್ನೊಮ್ಮೆ ನೋಡಬೇಕೆಂಬ ವಾದ ಹುಟ್ಟಿತು, ನೋಡಿದ್ದಾಯಿತು, ಅದಕ್ಕೆ ಪ್ರತಿಯಾಗಿ ಆಕ್ಷೇಪಣೆ, ಪ್ರತಿಭಟನೆಗಳೂ ನಡೆದವು. ಕಟ್ಟಕಡೆಗೆ ಪ್ರಕಟವಾದ ಲೆಕ್ಕ ಹೀಗಿತ್ತು: ಭಾರತೀಯ ಜನತಾ ಪಕ್ಷದ ಶ್ರೀ ಸಿ.ಕೆ. ರಾಮಮೂರ್ತಿಯವರಿಗೆ 57,797 ಮತಗಳು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ 57,781. ಅಂತರ ಕೇವಲ 16.

ಹಳೆಯ ಬೆಂಗಳೂರಿನ ಒಂದು ವಠಾರದಲ್ಲಿ ವಾಸಿಸುವಷ್ಟು ಜನ! ಆ ಹದಿನಾರು ಮತಗಳಿಂದಾಗಿ ಕಾಂಗ್ರೆಸ್ ಪಕ್ಷದ ಬಲ 136 ಆಗಬೇಕಾದದ್ದು 135ಕ್ಕೆ ನಿಂತಿತು. ಗೆದ್ದವರಿಗೆ ಸಂತೋಷ, ಸೋತವರಿಗೆ ಸಂಕಟ. ಅದು ಚುನಾವಣೆಯ ಧರ್ಮ. ಆದರೆ ಆ ರಾತ್ರಿ ಜಯನಗರದಲ್ಲಿ ಒಂದು ವಿಷಯದಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಪ್ರತಿಯೊಂದು ಮತವನ್ನೂ ಎಣಿಸಬೇಕು, ಎಣಿಸಿದ್ದನ್ನು ಹೇಳಬೇಕು ಎಂಬುದೇ ಆ ವಿಷಯ.

ಮರುದಿನ ಸಂಜೆ ಅದೇ ಊರಿನ ಇನ್ನೊಂದು ಭಾಗದಲ್ಲಿ, ಅರಮನೆ ರಸ್ತೆಯ ಹೋಟೆಲೊಂದರಲ್ಲಿ, ಕಾಂಗ್ರೆಸ್ ಶಾಸಕಾಂಗ ಪಕ್ಷದ ಸಭೆ ಸೇರಿತು. ನಾಯಕನ ಆಯ್ಕೆಯಾಗಬೇಕು, ಆಯ್ಕೆಯಾದ ನಾಯಕನೇ ಮುಖ್ಯಮಂತ್ರಿ. ಶ್ರೀ ಸಿದ್ದರಾಮಯ್ಯನವರು ಒಂದು ಕಡೆ, ಶ್ರೀ ಡಿ.ಕೆ. ಶಿವಕುಮಾರರು ಇನ್ನೊಂದು ಕಡೆ. ದೆಹಲಿಯಿಂದ ಶ್ರೀ ಸುಶೀಲ್‌ಕುಮಾರ್ ಶಿಂದೆ, ಶ್ರೀ ಜಿತೇಂದ್ರ ಸಿಂಗ್, ಶ್ರೀ ದೀಪಕ್ ಬಾಬರಿಯಾ ಎಂಬ ಮೂವರು ವೀಕ್ಷಕರು ಬಂದಿದ್ದರು. ಆಯ್ಕೆಯ ಅಧಿಕಾರವನ್ನು ಪಕ್ಷದ ಅಧ್ಯಕ್ಷರಿಗೆ ಬಿಟ್ಟುಕೊಡಲಾಗಿದೆ ಎಂಬ ಒಂದು ಸಾಲಿನ ನಿರ್ಣಯ ಅಂಗೀಕೃತವಾಯಿತು. ಬಳಿಕ ಶಾಸಕರ ಅಭಿಪ್ರಾಯಗಳನ್ನು ಗುಪ್ತವಾಗಿ ಸಂಗ್ರಹಿಸಲಾಯಿತು. ವೀಕ್ಷಕರು ಅದನ್ನು ದೆಹಲಿಗೆ ಒಯ್ದರು. ನಾಲ್ಕು ದಿನಗಳ ಸಮಾಲೋಚನೆಯ ನಂತರ, 18ರಂದು, ಶ್ರೀ ಸಿದ್ದರಾಮಯ್ಯನವರ ಹೆಸರು ಹೊರಬಿದ್ದಿತು. 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ. ಶ್ರೀ ಶಿವಕುಮಾರರು ಉಪಮುಖ್ಯಮಂತ್ರಿಗಳಾದರು. ಶಾಸಕರಲ್ಲಿ ಎಷ್ಟು ಮಂದಿ ಯಾರ ಕಡೆಗಿದ್ದರೆಂಬ ಲೆಕ್ಕವನ್ನು ಪಕ್ಷವು ಅಧಿಕೃತವಾಗಿ ಪ್ರಕಟಿಸಲಿಲ್ಲ.

ಜಯನಗರದ ಇಬ್ಬರು ಪ್ರಮುಖ ಅಭ್ಯರ್ಥಿಗಳಿಗೆ ಬಂದ 1,15,578 ಮತಗಳ ಲೆಕ್ಕ ಬಿಡಿಬಿಡಿಯಾಗಿ ಲೋಕಕ್ಕೆಲ್ಲ ಗೊತ್ತು. ಮರುದಿನದ 135 ಅಭಿಪ್ರಾಯಗಳ ಲೆಕ್ಕ ಗೊತ್ತಿಲ್ಲ. ಇದು ಒಂದೇ ಪಕ್ಷದ ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ಕರ್ನಾಟಕದಲ್ಲಿ ಆಳಿದ ಪಕ್ಷಗಳೆಲ್ಲವೂ ಈ ದಾರಿಯಲ್ಲಿ ನಡೆದಿವೆ. ಆದರೆ ಈ ದಾರಿ ಮೊದಲಿನಿಂದಲೂ ಹೀಗೆಯೇ ಇತ್ತೆ?

ಸಂವಿಧಾನದ ಮೌನ

ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸಬೇಕು, ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರಬೇಕು ಎಂದು ಸಂವಿಧಾನದ 164ನೆಯ ಅನುಚ್ಛೇದ ಹೇಳುತ್ತದೆ. ಶಾಸಕನಲ್ಲದವನೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಸದಸ್ಯನಾಗಬೇಕು, ಅಷ್ಟೆ. ಬಹುಮತ ಪಡೆದ ಪಕ್ಷ ತನ್ನ ನಾಯಕನನ್ನು ಹೇಗೆ ಗೊತ್ತುಪಡಿಸಬೇಕೆಂಬ ಬಗ್ಗೆ ಒಂದಕ್ಷರವೂ ಇಲ್ಲ. 1985ರಲ್ಲಿ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ಸೇರುವವರೆಗೆ ರಾಜಕೀಯ ಪಕ್ಷವೆಂಬ ಮಾತಿಗೇ ಆ ದೊಡ್ಡ ಗ್ರಂಥದಲ್ಲಿ ಸ್ಥಾನವಿರಲಿಲ್ಲ. ಹೀಗಾಗಿ ಆರು ಕೋಟಿ ಜನರ ಆಡಳಿತವನ್ನು ವಹಿಸಿಕೊಳ್ಳುವವರು ಯಾರೆಂಬ ಪ್ರಶ್ನೆ ಮುಚ್ಚಿದ ಕೋಣೆಯೊಂದರಲ್ಲಿ, ಬರೆದಿಡದ ಸಂಪ್ರದಾಯದ ಮೇಲೆ, ತೀರ್ಮಾನವಾಗುತ್ತ ಬಂದಿದೆ.

ಕೋಣೆ ಮುಚ್ಚಿದ್ದೇ ಆದರೂ, ಮೊದಲ ದಿನಗಳಲ್ಲಿ ಅದು ಬೆಂಗಳೂರಿನಲ್ಲಿತ್ತು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು 1956ರ ಆಗಸ್ಟ್ ತಿಂಗಳಲ್ಲಿ ಅಧಿಕಾರ ಬಿಟ್ಟದ್ದು ಸ್ವಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡುದರಿಂದ. ಅವರ ಜಾಗಕ್ಕೆ ಬಂದ ಕಡಿದಾಳ್ ಮಂಜಪ್ಪನವರು ಆಳಿದ್ದು ಎರಡೂವರೆ ತಿಂಗಳು ಮಾತ್ರ. ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯಿಸಿ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಎರಡು ವರ್ಷ ತುಂಬುವ ಮೊದಲೇ, 1958ರ ಮೇ ತಿಂಗಳಲ್ಲಿ, ಪಕ್ಷದೊಳಗಿನ ಬಲಾಬಲ ಬದಲಾಗಿ ಅವರೂ ಇಳಿದರು. ಆಗ ನಡೆದ ಸ್ಪರ್ಧೆಯಲ್ಲಿ ಟಿ. ಸುಬ್ರಹ್ಮಣ್ಯ, ಅಂದಾನಪ್ಪ ದೊಡ್ಡಮೇಟಿಯವರಂಥ ಹಿರಿಯರನ್ನು ಹಿಂದಿಕ್ಕಿ ಬಿ.ಡಿ. ಜತ್ತಿಯವರು ನಾಯಕರಾದರು. ಎರಡೇ ವರ್ಷಗಳಲ್ಲಿ ನಾಲ್ವರು! ಸ್ಥಿರತೆಯ ದೃಷ್ಟಿಯಿಂದ ಇದೇನೂ ಹೆಮ್ಮೆಪಡತಕ್ಕ ದಾಖಲೆಯಲ್ಲ. ಆದರೆ ಏರಿಸಿದವರೇ ಇಳಿಸಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಇಳಿಸಿದ್ದು ಸರಿಯಲ್ಲವೆಂದು ತೋರಿದರೆ ತಮ್ಮ ಕ್ಷೇತ್ರದ ಶಾಸಕನನ್ನು ಹಿಡಿದು ಕೇಳಲು ಮತದಾರರಿಗೆ ಅವಕಾಶವಿತ್ತು.

1962ರಲ್ಲಿ ನಡೆದ ಪ್ರಸಂಗವಂತೂ ಪುರಾಣ ಕಥೆಯನ್ನು ನೆನಪಿಸುವಂಥದು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು. ಆದರೆ ಪಕ್ಷದ ಧುರೀಣರಾದ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತರು. ಅವರ ಬೆಂಬಲಿಗರು ಎದೆಗುಂದಲಿಲ್ಲ. ಅದುವರೆಗೆ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದ ಎಸ್.ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಸ್ಥಾನ ತೆರವಾಯಿತು, ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾಗಿ ಬಂದರು, ಮತ್ತು ಜೂನ್ ತಿಂಗಳಲ್ಲಿ ಕಂಠಿಯವರು ಸದ್ದಿಲ್ಲದೆ ಕುರ್ಚಿ ಬಿಟ್ಟುಕೊಟ್ಟು ಅವರದೇ ಸಂಪುಟದಲ್ಲಿ ಮಂತ್ರಿಯಾಗಿ ಕುಳಿತರು. ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ಭರತನಿಗೂ ಕಂಠಿಯವರಿಗೂ ಇರುವ ವ್ಯತ್ಯಾಸ ಹದಿನಾಲ್ಕು ವರ್ಷಕ್ಕೂ ಮೂರು ತಿಂಗಳಿಗೂ ಇರುವಷ್ಟೇ ಎನ್ನಬಹುದು. ಸಿಕ್ಕಿದ ಅಧಿಕಾರವನ್ನು ಕೊಟ್ಟ ಮಾತಿಗಾಗಿ ಹಿಂದಿರುಗಿಸಿದವರು ಆಮೇಲಿನ ರಾಜಕೀಯದಲ್ಲಿ ಎಷ್ಟು ಮಂದಿ ಎಂಬುದನ್ನು ಓದುಗರೇ ಯೋಚಿಸಿಕೊಳ್ಳಲಿ.

ಒಂದು ತೋಟ, ಒಂದು ಬಡಾವಣೆ

ನಾಯಕನ ಆಯ್ಕೆಯಲ್ಲಿ ಮತ ಎಣಿಸಬಾರದು ಎನ್ನುವ ಹಿರಿಯರಿಗೆ ತಮ್ಮದೇ ಆದ ಒಂದು ಸಮರ್ಥನೆಯಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಣಿಸಿದರೆ ಮನೆ ಒಡೆಯುತ್ತದೆ ಎಂಬುದು ಅವರ ವಾದ. ಇಷ್ಟು ಮಂದಿ ನನ್ನವರು, ಇಷ್ಟು ಮಂದಿ ನಿನ್ನವರು ಎಂದು ಒಮ್ಮೆ ಗೆರೆ ಎಳೆದರೆ ಆ ಗೆರೆ ಅಳಿಯುವುದಿಲ್ಲ. ಸೋತವನು ಮರುದಿನದಿಂದಲೇ ಪ್ರತ್ಯೇಕ ಗುಂಪಿನ ನಾಯಕನಾಗುತ್ತಾನೆ. ಒಮ್ಮತವೆಂಬ ಪರದೆ ಇದ್ದರೆ ಸೋತವನ ಮಾನವೂ ಉಳಿಯುತ್ತದೆ, ಪಕ್ಷವೂ ಉಳಿಯುತ್ತದೆ. ಈ ವಾದದ ಎರಡು ಮುಖಗಳನ್ನೂ ನೋಡಬೇಕೆಂದರೆ ದಕ್ಷಿಣ ಬೆಂಗಳೂರನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಜಯನಗರದ ಉತ್ತರಕ್ಕಿರುವ ಲಾಲ್‌ಬಾಗಿನಲ್ಲಿ ಅದರ ಒಂದು ಮುಖವಿದೆ. ದಕ್ಷಿಣಕ್ಕಿರುವ ಬಡಾವಣೆಯೊಂದರ ಹೆಸರಿನಲ್ಲಿ ಇನ್ನೊಂದು.

ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳ ಕೈಹಿಡಿದು ಹೋಗುವವರಿಗೆ ಲಾಲ್‌ಬಾಗಿನ ಗಾಜಿನ ಮನೆಯೆಂದರೆ ಗುಲಾಬಿ, ಡೇಲಿಯಗಳ ನೆನಪು. 1969ರ ಜುಲೈ ತಿಂಗಳಲ್ಲಿ ಅಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಅವರ ನಂತರ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರದು ಆತಿಥ್ಯ. ಪಾಟೀಲರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಆಗ ನಿಜಲಿಂಗಪ್ಪನವರ ಲವ-ಕುಶರೆಂದು ಕರೆಯುತ್ತಿದ್ದರು. ಅದೇ ಸಂದರ್ಭದಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಲಿ ರಾಷ್ಟ್ರಪತಿ ಸ್ಥಾನಕ್ಕೆ ಅಭ್ಯರ್ಥಿಯನ್ನು ಗೊತ್ತುಮಾಡಬೇಕಿತ್ತು. ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಜಗಜೀವನರಾಮ್ ಅವರ ಹೆಸರನ್ನು ಮುಂದಿಟ್ಟರು. ಬಹುಮತ ಸಂಜೀವ ರೆಡ್ಡಿಯವರ ಕಡೆಗಿತ್ತು. ಪ್ರಧಾನಿ ತಮ್ಮ ಪಕ್ಷದ ಸಮಿತಿಯಲ್ಲೇ ಸೋತರು.

ಸೋಲಿನ ಪರಿಣಾಮ ಕಾಣಿಸಿಕೊಳ್ಳಲು ಒಂದು ವಾರವೂ ಬೇಕಾಗಲಿಲ್ಲ. ದೆಹಲಿಗೆ ಮರಳಿದೊಡನೆ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಜಾರಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಗಸ್ಟ್ ತಿಂಗಳಲ್ಲಿ, ಆತ್ಮಸಾಕ್ಷಿಗೆ ಅನುಸಾರವಾಗಿ ಮತ ನೀಡಿರೆಂಬ ಕರೆಯ ನಡುವೆ, ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿ ವಿ.ವಿ. ಗಿರಿಯವರು ರಾಷ್ಟ್ರಪತಿಗಳಾದರು. ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು. ಕಾಂಗ್ರೆಸ್ ಎರಡಾಯಿತು. ಎಣಿಸಿದರೆ ಮನೆ ಒಡೆಯುತ್ತದೆ ಎನ್ನುವವರು ಬೆರಳು ತೋರಿಸುವುದು ಈ ಗಾಜಿನ ಮನೆಯ ಕಡೆಗೆ.

ಇನ್ನು ಬಡಾವಣೆಯ ಸಂಗತಿ. ಜೆ.ಪಿ. ನಗರವೆಂದು ಬಸ್ಸಿನ ಫಲಕದಲ್ಲಿ ದಿನವೂ ಓದುವ ಕಿರಿಯರಲ್ಲಿ ಅನೇಕರಿಗೆ ಆ ಎರಡಕ್ಷರಗಳು ಲೋಕನಾಯಕ ಜಯಪ್ರಕಾಶ ನಾರಾಯಣರದೆಂದು ತಿಳಿದಿರಲಾರದು. ತುರ್ತುಪರಿಸ್ಥಿತಿಯ ನಂತರ 1977ರ ಮಾರ್ಚ್ ತಿಂಗಳಲ್ಲಿ ಜನತಾ ಪಕ್ಷ ಗೆದ್ದಾಗ ಪ್ರಧಾನಿ ಪದವಿಗೆ ಮೂವರು ಹಿರಿಯರಿದ್ದರು: ಮೊರಾರ್ಜಿ ದೇಸಾಯಿ, ಜಗಜೀವನರಾಮ್, ಚರಣ್ ಸಿಂಗ್. ಮತಕ್ಕೆ ಹಾಕಿದರೆ ಹೊಸ ಪಕ್ಷ ಹುಟ್ಟಿದ ಮನೆಯಲ್ಲೇ ಸಾಯುವುದೆಂಬ ಭಯ ಎಲ್ಲರಿಗೂ. ಆದ್ದರಿಂದ ಸಂಸತ್ ಸದಸ್ಯರು ತೀರ್ಮಾನವನ್ನು ಜಯಪ್ರಕಾಶರಿಗೂ ಆಚಾರ್ಯ ಕೃಪಲಾನಿಯವರಿಗೂ ವಹಿಸಿದರು. ಇಬ್ಬರೂ ತಮಗಾಗಿ ಏನನ್ನೂ ಬಯಸದ ವೃದ್ಧರು. ಅವರಿಗಿಂತ ನಿಷ್ಪಕ್ಷಪಾತಿಗಳನ್ನು ಆ ಕಾಲದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಮಾರ್ಚ್ 24ರಂದು ಮೊರಾರ್ಜಿಯವರ ಹೆಸರು ಪ್ರಕಟವಾಯಿತು. ಅಂದೇ ಅವರಿಗೆ ಪ್ರಮಾಣವಚನ ಬೋಧಿಸಿದವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದ ಬಿ.ಡಿ. ಜತ್ತಿಯವರು. 1958ರಲ್ಲಿ ಬೆಂಗಳೂರಿನ ಕೋಣೆಯಲ್ಲಿ ಸ್ಪರ್ಧಿಸಿ ಗೆದ್ದಿದ್ದ ಅದೇ ಜತ್ತಿಯವರು!

ಎಣಿಕೆಯಿಲ್ಲದ ಆ ಆಯ್ಕೆಯಿಂದ ಮನೆ ಉಳಿಯಿತೆ? ಜಗಜೀವನರಾಮ್ ಅವರು ಮುನಿಸಿಕೊಂಡರು. ಚರಣ್ ಸಿಂಗರು ಒಳಗೊಳಗೇ ಕುದಿದರು. 1979ರ ಜುಲೈ ತಿಂಗಳಲ್ಲಿ ಸರ್ಕಾರ ಬಿದ್ದಿತು, ಪಕ್ಷ ಚೂರಾಯಿತು. ಎಣಿಸಿ ಒಡೆದದ್ದು ಲಾಲ್‌ಬಾಗಿನ ಕಥೆಯಾದರೆ ಎಣಿಸದೆಯೂ ಒಡೆದದ್ದು ಜಯಪ್ರಕಾಶರ ಕಥೆ. ಹಾಗಾದರೆ ಮನೆ ಒಡೆಯುವುದಕ್ಕೆ ಕಾರಣ ಎಣಿಕೆಯಲ್ಲ, ಬೇರೇನೋ ಇರಬೇಕು.

ವಿಮಾನ ನಿಲ್ದಾಣದಲ್ಲಿ

ಕೋಣೆಯನ್ನು ಬೆಂಗಳೂರಿನಿಂದ ದೆಹಲಿಗೆ ಸಾಗಿಸಿದ ಕೆಲಸ ಒಂದೇ ದಿನದಲ್ಲಿ ಆದದ್ದಲ್ಲ. 1972ರಲ್ಲಿ ವಿಧಾನಸಭಾ ಚುನಾವಣೆಗೆ ನಿಲ್ಲದೆಯೇ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾದಾಗಲೂ ಬಂಗಾರಪ್ಪ, ದೇವೇಗೌಡರಂಥ ಗೆದ್ದ ಶಾಸಕರ ನಡುವೆ, ಶಾಸಕರಲ್ಲದ ರಾಮಕೃಷ್ಣ ಹೆಗಡೆಯವರು ನಾಯಕರಾದರು. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು, 1985ರಲ್ಲಿ ಬಸವನಗುಡಿಯಿಂದ ಆರಿಸಿಬಂದರು. ಅರಸರಾಗಲಿ ಹೆಗಡೆಯವರಾಗಲಿ ಅಸಮರ್ಥರೆಂದು ಯಾರೂ ಹೇಳಲಾರರು. ಶಾಸಕರ ಪಟ್ಟಿಯ ಹೊರಗೂ ನಾಯಕರಿರುತ್ತಾರೆ ಎಂಬುದು ನಿಜ. ಆದರೆ ಪಟ್ಟಿಯ ಹೊರಗಿನ ನಾಯಕನನ್ನು ತರುವ ಶಕ್ತಿ ಕ್ರಮೇಣ ಪಟ್ಟಿಯೊಳಗಿನವರ ಕೈತಪ್ಪಿ ಹೋಯಿತು.

ಅದು ಎಷ್ಟರಮಟ್ಟಿಗೆ ತಪ್ಪಿತ್ತೆಂಬುದು 1990ರಲ್ಲಿ ಗೊತ್ತಾಯಿತು. ಅದಕ್ಕೆ ಹಿಂದಿನ ವರ್ಷ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗೆದ್ದಿತ್ತು. ವರ್ಷ ತುಂಬುವಷ್ಟರಲ್ಲಿ ಪಾಟೀಲರು ಅಸ್ವಸ್ಥರಾದರು. ರಾಮನಗರ, ಚನ್ನಪಟ್ಟಣಗಳಲ್ಲಿ ಕೋಮುಗಲಭೆಗಳಾದವು. ಬೆಂಗಳೂರಿಗೆ ಬಂದಿದ್ದ ಪಕ್ಷಾಧ್ಯಕ್ಷ ರಾಜೀವ್ ಗಾಂಧಿಯವರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ ನಾಯಕನ ಬದಲಾವಣೆಯನ್ನು ಘೋಷಿಸಿ ಹೊರಟರು. 178 ಶಾಸಕರ ನಾಯಕ ಅಧಿಕಾರ ಕಳೆದುಕೊಂಡದ್ದು ಶಾಸಕರ ಸಭೆಯಲ್ಲಲ್ಲ, ವಿಮಾನಕ್ಕೆ ಹತ್ತುವ ಮುನ್ನ ಆಡಿದ ಮಾತಿನಲ್ಲಿ. ನಡುವೆ ಒಂದು ವಾರ ರಾಷ್ಟ್ರಪತಿ ಆಳ್ವಿಕೆಯೂ ಬಂದು ಹೋಗಿ, ಅಕ್ಟೋಬರ್ 17ರಂದು ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಗಳಾದರು. ಕಾಯಿಲೆಯ ಹಾಸಿಗೆಯಲ್ಲಿದ್ದ ಹಿರಿಯರನ್ನು ಇಳಿಸಿದ ಈ ಬಗೆ ಉತ್ತರ ಕರ್ನಾಟಕದ ಜನಮನದಲ್ಲಿ ಮಾಡಿದ ಗಾಯದ ಮಾತು ಇಂದಿಗೂ ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತದೆ. ಪಾಟೀಲರನ್ನು ಮುಂದುವರಿಸಬೇಕಿತ್ತೆ ಎಂಬುದು ಬೇರೆಯೇ ಪ್ರಶ್ನೆ. ಶಾಸಕರು ಕೂಡಿ ಎಣಿಸಿ ಇಳಿಸಿದ್ದರೆ ಆ ಗಾಯಕ್ಕೆ ಇಷ್ಟು ಆಯುಷ್ಯವಿರುತ್ತಿತ್ತೆ?

ಇಲ್ಲಿಯೇ ಒಂದು ಸೋಜಿಗವನ್ನು ಹೇಳಬೇಕು. ಸರ್ಕಾರದ ಬಹುಮತವನ್ನು ಎಲ್ಲಿ ಎಣಿಸಬೇಕೆಂಬ ಪ್ರಶ್ನೆಗೆ ಇಡೀ ಭಾರತಕ್ಕೆ ಉತ್ತರ ಕೊಟ್ಟದ್ದು ಕರ್ನಾಟಕದ ಒಂದು ಮೊಕದ್ದಮೆ. 1988ರ ಆಗಸ್ಟ್‌ನಲ್ಲಿ ಹೆಗಡೆಯವರ ರಾಜೀನಾಮೆಯ ಬಳಿಕ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮರುವರ್ಷದ ಏಪ್ರಿಲ್‌ನಲ್ಲಿ 19 ಮಂದಿ ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲರನ್ನು ತಲುಪಿದವು. ಅವರಲ್ಲಿ ಏಳು ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆಯಿಂದ ಪಡೆಯಲಾಗಿದೆಯೆಂದು ಬಳಿಕ ಬರೆದುಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿಕೊಂಡರೂ 21ರಂದು ಸರ್ಕಾರವನ್ನು ವಜಾಮಾಡಲಾಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನಿಂದ ಒಂದು ನಿಯಮ ನೆಲೆಗೊಂಡಿತು: ಬಹುಮತದ ಪರೀಕ್ಷೆ ರಾಜಭವನದ ಮೇಜಿನ ಮೇಲೆ ಆಗತಕ್ಕದ್ದಲ್ಲ, ಶಾಸನಸಭೆಯ ಬಯಲಿನಲ್ಲಿ ಆಗಬೇಕು.

ಈ ನಿಯಮದ ಬಿಸಿ ಕನ್ನಡಿಗರೊಬ್ಬರಿಗೇ ದೆಹಲಿಯಲ್ಲಿ ತಟ್ಟಿದ್ದುಂಟು. 1996ರಲ್ಲಿ ಸಂಯುಕ್ತ ರಂಗದ ಪಕ್ಷಗಳು ಜ್ಯೋತಿ ಬಸು ಅವರನ್ನು ಕೇಳಿ, ಅವರ ಪಕ್ಷ ಒಪ್ಪದಿರಲು ಎಚ್.ಡಿ. ದೇವೇಗೌಡರತ್ತ ತಿರುಗಿದವು. ಬನಶಂಕರಿಗೆ ಸಮೀಪದ ಪದ್ಮನಾಭನಗರದ ಹೆಸರನ್ನು ಪತ್ರಿಕೆಗಳು ಒಂದು ಪಕ್ಷದ ಪರ್ಯಾಯನಾಮವಾಗಿ ಬಳಸುವ ರೂಢಿ ಬಂದದ್ದು ಗೌಡರ ಮನೆ ಅಲ್ಲಿರುವುದರಿಂದ. ಅವರನ್ನು ಪ್ರಧಾನಿಯಾಗಿ ಆರಿಸಿದ್ದು ಪಕ್ಷಗಳ ಮುಖಂಡರ ಮಾತುಕತೆ. ಇಳಿಸಿದ್ದು ಲೋಕಸಭೆಯ ಎಣಿಕೆ. 1997ರ ಏಪ್ರಿಲ್ 11ರಂದು ಪರವಾಗಿ 158, ವಿರೋಧವಾಗಿ 292 ಮತಗಳು ಬಿದ್ದವು. ಕಹಿಯಾದ ಸೋಲಾದರೂ ಅಂಕಿ ಎಲ್ಲರ ಕಣ್ಣಮುಂದಿತ್ತು.

ಜಯನಗರಕ್ಕೆ ಬಂದ ಅಳಿಯ

ಪಕ್ಷದ ಒಳಕೋಣೆಯಲ್ಲಿ ಎಣಿಕೆ ತೀರ ಸತ್ತುಹೋಯಿತೆಂದು ಹೇಳುವಂತಿಲ್ಲ. 2011ರ ಆಗಸ್ಟ್ 3ರಂದು, ಶ್ರೀ ಯಡಿಯೂರಪ್ಪನವರ ರಾಜೀನಾಮೆಯ ನಂತರ, ಭಾರತೀಯ ಜನತಾ ಪಕ್ಷದಲ್ಲಿ ಗುಪ್ತ ಮತದಾನ ನಡೆಯಿತು. ಆಗ ಲೋಕಸಭೆಯ ಸದಸ್ಯರಾಗಿದ್ದ ಶ್ರೀ ಡಿ.ವಿ. ಸದಾನಂದಗೌಡರು ಶ್ರೀ ಜಗದೀಶ ಶೆಟ್ಟರ್ ಅವರನ್ನು ಸೋಲಿಸಿ ಮುಖ್ಯಮಂತ್ರಿಗಳಾದರು. ಹನ್ನೊಂದು ತಿಂಗಳು ಕಳೆಯಿತು. 2012ರ ಜುಲೈ 12ರಂದು, ಮತದಾನದಲ್ಲಿ ಸೋತಿದ್ದ ಶೆಟ್ಟರ್ ಅವರೇ ಮುಖ್ಯಮಂತ್ರಿಗಳು! ಗೆದ್ದವರನ್ನು ತೆಗೆದದ್ದು ಇನ್ನೊಂದು ಮತದಾನವಲ್ಲ. 2013ರಲ್ಲಿ ಕಾಂಗ್ರೆಸ್ ಕೂಡ ಗುಪ್ತ ಮತದಾನ ನಡೆಸಿ ಅಂದೇ ಶ್ರೀ ಸಿದ್ದರಾಮಯ್ಯನವರ ಹೆಸರನ್ನು ಪ್ರಕಟಿಸಿತ್ತು. 2021ರ ಜುಲೈ 27ರ ಸಂಜೆ ಭಾಜಪ ಶಾಸಕರ ಮುಂದೆ ಇದ್ದದ್ದು ಒಂದೇ ಹೆಸರು. ಅದು ಶ್ರೀ ಬಸವರಾಜ ಬೊಮ್ಮಾಯಿಯವರದು. ಬಹುಮತವನ್ನು ಬಹಿರಂಗವಾಗಿ ಎಣಿಸಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದವರ ಮಗ ಯಾವ ಎಣಿಕೆಯೂ ಇಲ್ಲದೆ ನಾಯಕರಾದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಾಲದ ರೀತಿ ಹಾಗಿತ್ತು.

ಎಣಿಕೆಯಲ್ಲಿ ಸೋತವರು ಎಣಿಕೆಯಿಲ್ಲದೆ ಗೆಲ್ಲುವುದು ಕರ್ನಾಟಕಕ್ಕೆ ಮಾತ್ರ ಮೀಸಲಾದ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. 2024ರ ನವೆಂಬರ್ ತಿಂಗಳಲ್ಲಿ ಜಯನಗರದ ಐದನೆಯ ಬ್ಲಾಕಿನ ರಾಘವೇಂದ್ರಸ್ವಾಮಿಗಳ ಮಠಕ್ಕೆ ಪತ್ನಿ ಮತ್ತು ಅತ್ತೆಮಾವಂದಿರೊಡನೆ ಬಂದು ಕೈಮುಗಿದು ಹೋದ ಶ್ರೀ ರಿಷಿ ಸುನಕ್ ಅವರ ಕಥೆಯೂ ಅದೇ. 2022ರ ಜುಲೈನಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ನಡೆದ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಪಾರ್ಲಿಮೆಂಟಿನ ಸದಸ್ಯರು ಸುನಕ್ ಅವರಿಗೆ 137, ಲಿಜ್ ಟ್ರಸ್ ಅವರಿಗೆ 113, ಪೆನ್ನಿ ಮಾರ್ಡಂಟ್ ಅವರಿಗೆ 105 ಮತಗಳನ್ನು ಕೊಟ್ಟರು. ಮೊದಲಿಬ್ಬರ ಪೈಕಿ ಒಬ್ಬರನ್ನು ಆರಿಸುವುದು ಪಕ್ಷದ ಸಾಮಾನ್ಯ ಸದಸ್ಯರ ಹಕ್ಕು. ಅವರು ಟ್ರಸ್ ಅವರಿಗೆ 81,326, ಸುನಕ್ ಅವರಿಗೆ 60,399 ಮತಗಳನ್ನು ನೀಡಿದರು. ಟ್ರಸ್ ಪ್ರಧಾನಿಯಾಗಿ ಏಳು ವಾರಗಳಲ್ಲೇ ರಾಜೀನಾಮೆ ಕೊಡಬೇಕಾಯಿತು. ಅಕ್ಟೋಬರ್ 25ರಂದು ಬೆಂಗಳೂರಿನ ಅಳಿಯ, ಎದುರಾಳಿಯಿಲ್ಲದ ನಾಯಕನಾಗಿ, ಬ್ರಿಟನ್ನಿನ ಪ್ರಧಾನಿಯಾದರು.

ಅದೇ ಕನ್ಸರ್ವೇಟಿವ್ ಪಕ್ಷ ಒಂದು ಕಾಲದಲ್ಲಿ ನಮ್ಮವರಂತೆಯೇ ಒಮ್ಮತದ ಭಕ್ತರ ಪಕ್ಷವಾಗಿತ್ತು. 1963ರಲ್ಲಿ ಮ್ಯಾಕ್‌ಮಿಲನ್ ಅವರು ಆಸ್ಪತ್ರೆಯಲ್ಲಿ ಮಲಗಿ ರಾಜೀನಾಮೆ ಕೊಟ್ಟಾಗ ಹಿರಿಯರು ಅಲ್ಲಲ್ಲಿ ವಿಚಾರಿಸಿ, ಪಿಸುಮಾತಿನಲ್ಲಿ ಸಮಾಲೋಚಿಸಿ, ಲಾರ್ಡ್ ಹೋಮ್ ಅವರನ್ನು ಮುಂದೆ ತಂದರು. ಆತ ತನ್ನ ಪ್ರಭು ಪದವಿಯನ್ನೇ ಬಿಟ್ಟು ಕಾಮನ್ಸ್ ಸಭೆಗೆ ಬರಬೇಕಾಯಿತು. ಯಾರು ಯಾರನ್ನು ಕೇಳಿದರು, ಎಷ್ಟು ಮಂದಿ ಏನೆಂದರು ಎಂಬುದರ ಬಗ್ಗೆ ಪಕ್ಷದಲ್ಲೇ ರಂಪವಾಯಿತು. ನಾಚಿಕೊಂಡ ಪಕ್ಷ ನಿಯಮವನ್ನು ಬದಲಾಯಿಸಿ 1965ರಲ್ಲಿ ಮೊದಲ ಬಾರಿಗೆ ಮತ ಎಣಿಸಿತು: ಹೀತ್ 150, ಮಾಡ್ಲಿಂಗ್ 133, ಪೊವೆಲ್ 15. ಹದಿನೈದೇ ಮತ ಪಡೆದವನ ಹೆಸರೂ ಸಂಖ್ಯೆಯೂ ಚರಿತ್ರೆಯಲ್ಲಿ ಉಳಿದವು. ಅದರಿಂದ ಪಕ್ಷ ಒಡೆಯಲಿಲ್ಲ.

ಎಣಿಕೆ ಎಲ್ಲ ರೋಗಕ್ಕೂ ಮದ್ದೆಂದು ಇದರ ಅರ್ಥವಲ್ಲ. 1939ರಲ್ಲಿ ಸುಭಾಷಚಂದ್ರ ಬೋಸರು 1,580 ಮತಗಳನ್ನು ಪಡೆದು, 1,377 ಪಡೆದ ಪಟ್ಟಾಭಿ ಸೀತಾರಾಮಯ್ಯನವರನ್ನು ಸೋಲಿಸಿ ಕಾಂಗ್ರೆಸ್ ಅಧ್ಯಕ್ಷರಾದರು. ಸಹಕರಿಸುವವರಿಲ್ಲದೆ ಮೂರು ತಿಂಗಳಲ್ಲಿ ಬಿಟ್ಟುಹೋದರು. ಆದರೆ ಹಿರಿಯರ ಇಚ್ಛೆಯೇನು, ಪ್ರತಿನಿಧಿಗಳ ಇಚ್ಛೆಯೇನು ಎಂಬುದನ್ನು ಆ 203 ಮತಗಳ ಅಂತರ ಎಂದೆಂದಿಗೂ ಬರೆದಿಟ್ಟಿತು. ಬೋಸರಿಗೆ ಅನ್ಯಾಯವಾಯಿತೆಂದು ಇಂದಿಗೂ ವಾದಿಸುವವರ ಕೈಯಲ್ಲಿರುವ ಪತ್ರ ಅದೊಂದೇ.

ಕಾಂಗ್ರೆಸ್ ಪಕ್ಷದಲ್ಲಿ ಅಂಥ ಸ್ಪರ್ಧೆ ಇತ್ತೀಚೆಗೆ ನಡೆದಾಗ ಗೆದ್ದವರು ಕನ್ನಡಿಗರೇ. 2022ರ ಅಕ್ಟೋಬರ್ 17ರಂದು ದೇಶದ ಎಲ್ಲ ಪ್ರಾಂತಗಳ ಪ್ರತಿನಿಧಿಗಳು ಅಧ್ಯಕ್ಷರ ಆಯ್ಕೆಗೆ ಮತ ಹಾಕಿದರು. ಶ್ರೀ ಮಲ್ಲಿಕಾರ್ಜುನ ಖರ್ಗೆಯವರು ಬೆಂಗಳೂರಿನಲ್ಲಿ ಮತ ನೀಡಿದರು. ಪಾದಯಾತ್ರೆಯಲ್ಲಿದ್ದ ಶ್ರೀ ರಾಹುಲ್ ಗಾಂಧಿಯವರಿಗಾಗಿ ಬಳ್ಳಾರಿಯ ಸಂಗನಕಲ್ಲಿನ ಶಿಬಿರದಲ್ಲೇ ಮತಗಟ್ಟೆಯಿತ್ತು. 19ರಂದು ದೆಹಲಿಯಲ್ಲಿ ಪೆಟ್ಟಿಗೆಗಳನ್ನು ತೆರೆದರು. ಖರ್ಗೆಯವರಿಗೆ 7,897, ಶ್ರೀ ಶಶಿ ತರೂರರಿಗೆ 1,072. ನಿಜಲಿಂಗಪ್ಪನವರ ಬಳಿಕ ಆ ಪೀಠವೇರಿದ ಕನ್ನಡಿಗರು ಅವರೇ. ಉತ್ತರ ಪ್ರದೇಶದ ಮತದಾನದ ಬಗ್ಗೆ ತರೂರರ ಕಡೆಯವರು ದೂರು ಕೊಟ್ಟರು. ಪಕ್ಷದ ಚುನಾವಣಾ ಪ್ರಾಧಿಕಾರ ಅದನ್ನು ತಳ್ಳಿಹಾಕಿತು. ಒಟ್ಟು ಬಿದ್ದ ಮತಗಳು 9,385. ಅವುಗಳಲ್ಲಿ ಅಸಿಂಧುವಾದವು 416. ಆ 416ರ ಲೆಕ್ಕವನ್ನೂ ಅಂದೇ ಓದಿ ಹೇಳಿದರು.